ಕೊಂಬಿಗೆ ಬಿದ್ದ ಕೆಂಪು ಚೌಕ

ಇಂದು ನಾನು ಹೇಳಹೊರಟಿರುವುದು ಒಂದು ಕೊಂಬಿನ ಕತೆ. ಎಮ್ಮೆಯ ಕೊಂಬಲ್ಲ, ‘ತೂಕ’ ಎಂದು ಬರೆಯುವಾಗ ತಕಾರಕ್ಕೆ ಕೊಡುತ್ತೇವಲ್ಲ, ಆ ಕೊಂಬಿನಿಳಿ.

ಸೊರಬದ ಬಳಿ ನನ್ನ ಅಕ್ಕನ ಮನೆ. ಭಾವನವರಿಗೆ ಸ್ವಲ್ಪ ಅಡಿಕೆ ತೋಟವುಂಟು. ಕಾಲೇಜಿನಲ್ಲಿ ಓದುವ ಅವರ ಮಗ ತಂದೆಯ ಅಡಿಕೆ ಲೆಕ್ಕಕ್ಕೆಂದು ಪೈಥಾನ್ ಭಾಷೆಯಲ್ಲಿ ಒಂದು ಚಿಕ್ಕ ಪ್ರೋಗ್ರಾಂ ಬರೆದ. ತಂದೆಗೂ ತಿಳಿಯಲೆಂದು ಅದರೊಳಗಿನ ಹೆಸರುಗಳನ್ನು ಕನ್ನಡದಲ್ಲಿಯೇ ಇಟ್ಟ: ತೂಕ, ದರ, ಮೊತ್ತ. ತೂಕವನ್ನು ದರದಿಂದ ಗುಣಿಸಿದರೆ ಮೊತ್ತ. ಇದಕ್ಕಿಂತ ತಿಳಿಯಾದ ಕನ್ನಡ ವಾಕ್ಯವನ್ನು ನಾನು ಈಚೆಗೆ ಓದಿಲ್ಲ. ಅದನ್ನೇ ಕಾಲೇಜಿಗೂ ಒಪ್ಪಿಸೋಣವೆಂದು ಬಣ್ಣ ಹಚ್ಚಿ ಅಚ್ಚು ತೆಗೆದಾಗ ‘ದರ’ ಸೊಗಸಾಗಿ ಮೂಡಿತು. ‘ತೂಕ’ದ ತಕಾರ ಒಂದು ಕಡೆ, ಕಕಾರ ಇನ್ನೊಂದು ಕಡೆ, ನಡುವೆ ಕೊಂಬಿನಿಳಿಯ ಸುತ್ತ ಕೆಂಪು ಚೌಕ. ಕೆಂಪು ಚೌಕವೆಂದರೆ ತಪ್ಪಿನ ಗುರುತು.

ಹುಡುಗ ಆ ಕಾಗದವನ್ನು ಹಿಡಿದುಕೊಂಡು ಶಿರಾಳಕೊಪ್ಪದ ಮೇಲೆ ಬರುವ ಬಸ್ಸಿನಲ್ಲಿ ಶಿಕಾರಿಪುರದ ನಮ್ಮ ಮನೆಗೆ ಬಂದ. “ಮಾವ, ಲೆಕ್ಕ ಸರಿಯಾಗಿಯೇ ಬರ್ತದೆ. ಕನ್ನಡದಲ್ಲಿ ಬರೆದಿದ್ದೇ ತಪ್ಪಾ?” ಎಂದು ಕೇಳಿದ. ತಪ್ಪಲ್ಲವೆಂದು ನಾನು ಹೇಳಿದೆ. ಹೇಳಿದ್ದು ಗಣಿತದ ಮೇಷ್ಟ್ರು, ತೋರಿಸುತ್ತಿದ್ದುದು ಕಾಗದ. ಅವನು ಕಾಗದವನ್ನೇ ನಂಬಿದ. ಮರುದಿನ ಮೂರು ಹೆಸರುಗಳನ್ನೂ ಇಂಗ್ಲಿಷಿಗೆ ತಿರುಗಿಸಿಬಿಟ್ಟ.

ಈ ಬಣ್ಣ ಹಚ್ಚುವ ಕೆಲಸವೇನೆಂದು ಎರಡು ಮಾತು ಹೇಳಬೇಕು. ನಮ್ಮ ಓಲೆಗರಿಗಳಲ್ಲಿ ಪದಪದಗಳ ನಡುವೆ ತೆರಪಿರುತ್ತಿರಲಿಲ್ಲ. ಬಿಡಿಸಿಕೊಳ್ಳುವ ಹೊಣೆ ಓದುವವನದು. ಪ್ರೋಗ್ರಾಮಿನ ಪಠ್ಯವೂ ಕಣ್ಣಿಗೆ ಹಾಗೆಯೇ ಒತ್ತೊತ್ತಾಗಿ ಕಾಣುತ್ತದೆ. ಭಾಷೆಯ ಕಟ್ಟುಪದಗಳಿಗೆ ಒಂದು ಬಣ್ಣ, ಅಂಕಿಗಳಿಗೆ ಒಂದು, ಉದ್ಧರಣ ಚಿಹ್ನೆಯೊಳಗಿನ ಮಾತಿಗೆ ಮತ್ತೊಂದು ಎಂದು ಹಚ್ಚಿದರೆ ಓದು ಹಗುರಾಗುತ್ತದೆ. ಇದನ್ನು ಮಾಡುವ ತಂತ್ರಾಂಶಗಳಲ್ಲಿ ಪಿಗ್ಮೆಂಟ್ಸ್ ಹೆಸರಾದದ್ದು. ಜರ್ಮನಿಯ ಗೇಯೋರ್ಗ್ ಬ್ರಾಂಡಲ್ ಅದನ್ನು 2006ರಲ್ಲಿ ಹೊರತಂದರು. ಇಂದು ಅದು 500ಕ್ಕೂ ಹೆಚ್ಚು ಭಾಷೆಗಳನ್ನು ಗುರುತಿಸಬಲ್ಲದು. ವಿಕಿಪೀಡಿಯ 2015ರಿಂದ ಬಳಸುತ್ತಿರುವುದೂ ಇದನ್ನೇ. ಯಾರು ಬೇಕಾದರೂ ತೆರೆದು ನೋಡಬಹುದು, ತಿದ್ದಬಹುದು, ತಮ್ಮ ಕೆಲಸಕ್ಕೆ ಬಳಸಬಹುದು, ಕಾಸು ಕೊಡಬೇಕಿಲ್ಲ.

ಅದಕ್ಕೆ ಪ್ರೋಗ್ರಾಮಿನ ಅರ್ಥ ತಿಳಿಯದು. ಎಡದಿಂದ ಬಲಕ್ಕೆ ಓದುತ್ತ ಹೋಗಿ, ಮುಂದಿರುವ ತುಣುಕು ತನ್ನ ಪಟ್ಟಿಯ ಯಾವ ಮಾದರಿಗೆ ಹೊಂದುತ್ತದೆಂದು ನೋಡಿ ಬಣ್ಣ ಬಳಿಯುತ್ತದೆ. ಹೊಂದದಿದ್ದರೆ ಕೆಂಪು ಚೌಕ. ಆ ಮಾದರಿಗಳನ್ನು ಬರೆಯುವುದರಲ್ಲಿಯೇ ಎಲ್ಲ ಕಷ್ಟವೂ ಇರುವುದು. ಸ್ಟ್ಯಾಂಡರ್ಡ್ ಎಂಎಲ್ ಎಂಬ ಭಾಷೆಯ ಕಡತದಲ್ಲಿ ‘ಎಕ್ಸೆಪ್ಷನ್’ ಎಂಬ ಒಂದೇ ಒಂದು ಪದವಿದ್ದರೆ ಪಿಗ್ಮೆಂಟ್ಸ್ ಗಾಣದೆತ್ತಿನಂತೆ ಕೊನೆಯಿಲ್ಲದೆ ಸುತ್ತುತ್ತಿತ್ತು. ವರ್ಷಗಟ್ಟಲೆ ಅಡಗಿದ್ದ ಈ ದೋಷ ತಿದ್ದುಪಡಿಯಾದದ್ದು 2021ರಲ್ಲಿ. ಇನ್ನು ಕೆಲವು ಮಾದರಿಗಳು ಬೇಕೆಂದೇ ಹೆಣೆದ ಪಠ್ಯ ಎದುರಾದಾಗ ಒಂದೊಂದು ಅಕ್ಷರ ಹೆಚ್ಚಿದಂತೆಲ್ಲ ಇಮ್ಮಡಿ ಹೊತ್ತು ತಿನ್ನುತ್ತಿದ್ದವು. ಅಂಥವನ್ನೂ ಅದೇ ವರ್ಷ ಸರಿಪಡಿಸಿದರು.

ನನ್ನ ಅಳಿಯ ಬಳಸಿದ್ದು ಇದನ್ನಲ್ಲ, ಇಂಥದೇ ಇನ್ನೊಂದನ್ನು. ಹೆಸರು ಬೇಡ. ತೆರೆದು ನೋಡಿದೆ. ‘ಪದದಲ್ಲಿ ಬರಬಹುದಾದ ಅಕ್ಷರ’ ಎನ್ನುವುದಕ್ಕೆ ಅಲ್ಲೊಂದು ಸಿದ್ಧ ಗುರುತನ್ನು ಬಳಸಿದ್ದರು. ಆ ಗುರುತು ನಮ್ಮ ತಕಾರವನ್ನೂ ಕಕಾರವನ್ನೂ ಅಕ್ಷರವೆಂದು ಒಪ್ಪುತ್ತದೆ. ಕೊಂಬು, ಗುಣಿಸು, ಏತ್ವಗಳನ್ನು ಮಾತ್ರ ಒಪ್ಪುವುದಿಲ್ಲ. ಏಕೆಂದರೆ ಯೂನಿಕೋಡಿನ ಪಟ್ಟಿಯಲ್ಲಿ ಅವು ಅಕ್ಷರಗಳಲ್ಲ, ಅಕ್ಷರಕ್ಕೆ ಹತ್ತುವ ಚಿಹ್ನೆಗಳು. ‘ದರ’ದಲ್ಲಿ ಚಿಹ್ನೆಯಿಲ್ಲ, ಪಾರಾಯಿತು. ‘ಸೊರಬ’ ಎಂದು ಬರೆದರೆ ಒಂದು ಕಡೆ ಒಡೆಯುತ್ತದೆ, ‘ಶಿಕಾರಿಪುರ’ ಎಂದು ಬರೆದರೆ ನಾಲ್ಕು ಕಡೆ. ಪೈಥಾನ್ ಭಾಷೆಯಾದರೋ ತನ್ನ ಮೂರನೆಯ ಆವೃತ್ತಿಯಿಂದ, ಎಂದರೆ 2008ರಿಂದ, ಇಂಥ ಹೆಸರುಗಳನ್ನು ತಕರಾರಿಲ್ಲದೆ ಸ್ವೀಕರಿಸುತ್ತಿದೆ. ಅರಸ ಒಪ್ಪಿದರೂ ದ್ವಾರಪಾಲಕ ಒಳಗೆ ಬಿಡಲಿಲ್ಲ.

ತಿದ್ದುವುದು ಸುಲಭವೆಂದುಕೊಂಡೆ. ತೆರಪಲ್ಲದ ಯಾವುದೇ ಚಿಹ್ನೆ ಬರಲಿ, ಹೆಸರಿನ ಭಾಗವೆಂದೇ ತಿಳಿ ಎಂದು ಬರೆದು ಕಳುಹಿಸಿದೆ. ಆ ಲೈಬ್ರರಿಯನ್ನು ನೋಡಿಕೊಳ್ಳುವವರು ನಾನು ಎಂದೂ ಕಾಣದ ಒಬ್ಬರು. ಹಗಲು ಬೇರೆ ನೌಕರಿ, ಸಂಜೆ ಇದು. ಒಂದು ವಾರದ ಮೇಲೆ ಉತ್ತರ ಬಂತು. ತೂಕ, ಗುಣಾಕಾರದ ನಕ್ಷತ್ರ, ದರ, ಮೂರನ್ನೂ ತೆರಪಿಲ್ಲದೆ ಬರೆದರೆ ನನ್ನ ತಿದ್ದುಪಡಿ ಮೂರನ್ನೂ ಒಂದೇ ಹೆಸರೆಂದು ನುಂಗುತ್ತಿತ್ತು. ನಾನು ಮಾಡಿದ್ದು ಕನ್ನಡಕ್ಕೆ ಬಾಗಿಲು ತೆರೆಯುವ ಭರದಲ್ಲಿ ಗೋಡೆಯನ್ನೇ ಕೆಡವಿದ ಕೆಲಸ. ಗಣಿತದ ಮೇಷ್ಟ್ರಿಗೆ ಗುಣಾಕಾರವೇ ಕಾಣದೆ ಹೋಯಿತಲ್ಲ ಎಂದು ನಾಚಿಕೆಯಾಯಿತು.

ಎರಡನೆಯ ಸಲ ಯೂನಿಕೋಡಿನ ಪಟ್ಟಿಯನ್ನು ಕುಳಿತು ಓದಿದೆ. ಹೆಸರನ್ನು ಆರಂಭಿಸಬಲ್ಲ ಅಕ್ಷರಗಳು ಯಾವುವು, ಮುಂದುವರಿಸಬಲ್ಲವು ಯಾವುವು ಎಂದು ಅಲ್ಲಿ ಬೇರೆಬೇರೆಯಾಗಿ ಹೇಳಿದ್ದಾರೆ. ಕೊಂಬು ಹೆಸರನ್ನು ಮುಂದುವರಿಸಬಲ್ಲದು, ಆರಂಭಿಸಲಾರದು. ನಮ್ಮ ವ್ಯಾಕರಣವೂ ಅದನ್ನೇ ಹೇಳುವುದು. ಆ ಪ್ರಕಾರ ಬರೆದು, ಜೊತೆಗೆ ಕನ್ನಡ ಹೆಸರುಗಳ ಒಂದು ಪರೀಕ್ಷಾ ಕಡತವನ್ನೂ ಇಟ್ಟು ಕಳುಹಿಸಿದೆ. ಮುಂದೆ ಯಾರು ಏನನ್ನು ಬದಲಿಸಿದರೂ ಆ ಕಡತದ ಬಣ್ಣ ಕೆಟ್ಟರೆ ಕೂಡಲೆ ತಿಳಿಯುತ್ತದೆ. ನಿಜವಾಗಿ ಉಪಯೋಗಕ್ಕೆ ಬಂದದ್ದು ತಿದ್ದುಪಡಿಗಿಂತ ಆ ಕಡತವೇ ಎಂದು ನನಗೆ ಅನ್ನಿಸುತ್ತದೆ.

ಒಪ್ಪಿಗೆ ಬರಲು ನಾಲ್ಕು ತಿಂಗಳಾಯಿತು. ಕಾಯುವಾಗ ಸಿಟ್ಟು ಬರುತ್ತಿತ್ತು, ಸುಳ್ಳು ಹೇಳುವುದಿಲ್ಲ. ಆ ದಿನಗಳಲ್ಲೊಮ್ಮೆ ತಾಳಗುಂದಕ್ಕೆ ಹೋಗಿದ್ದೆ. ಪ್ರಣವೇಶ್ವರ ದೇವಾಲಯದ ಮುಂದಿನ ಕಂಬವನ್ನು ನಿಮ್ಮಲ್ಲಿ ಅನೇಕರು ನೋಡಿರಬಹುದು. ಐದನೆಯ ಶತಮಾನದ್ದು. ಕದಂಬರ ಕಾಕುಸ್ಥವರ್ಮ ಅಲ್ಲಿ ಕಟ್ಟಿಸಿದ ಕೆರೆಯ ವಿಷಯ ಅದರ ಮೇಲಿದೆ. ಮಗ ಶಾಂತಿವರ್ಮನ ಕಾಲದಲ್ಲಿ ಕುಬ್ಜನೆಂಬ ಕವಿ ಬರೆದದ್ದು. ಕಟ್ಟಿಸಿದವನ ಹೆಸರಿದೆ, ಕವಿಯ ಹೆಸರಿದೆ. ಆಮೇಲೆ ಹೂಳೆತ್ತಿದವರು, ಏರಿಗೆ ಮಣ್ಣು ಹಾಕಿದವರು ಎಷ್ಟು ಮಂದಿಯೋ. ಆದರೂ ನಮ್ಮ ಹಳಬರು ಒಂದು ಜಾಣತನ ತೋರಿಸಿದ್ದರು: ಕೆರೆಯ ದುರಸ್ತಿಗೆಂದೇ ಭೂಮಿ ಬಿಡುತ್ತಿದ್ದರು, ಅದನ್ನು ಬಿತ್ತುವಟ್ಟವೆಂದು ಶಾಸನಗಳು ಕರೆಯುತ್ತವೆ. ನಾಲ್ಕು ತಿಂಗಳು ನನ್ನನ್ನು ಕಾಯಿಸಿದ ಆ ಕಾಣದ ಮನುಷ್ಯರಿಗೆ ಯಾವ ಬಿತ್ತುವಟ್ಟವಿದೆ? ಮನೆಗೆ ಬಂದು, ಅವರಿಗೆ ಬರೆದಿಟ್ಟಿದ್ದ ಬಿರುಸಾದ ಕಾಗದವನ್ನು ಅಳಿಸಿಹಾಕಿದೆ.

ಈಗ ‘ತೂಕ’ ಒಂದೇ ಪದವಾಗಿ ಮೂಡುತ್ತದೆ. ಅಳಿಯನಿಗೆ ತಿಳಿಸಿದೆ. ಅವನು ಹಳೆಯ ಪ್ರೋಗ್ರಾಮನ್ನು ಮತ್ತೆ ಕನ್ನಡಕ್ಕೆ ತಿರುಗಿಸಲಿಲ್ಲ. ಇಂಗ್ಲಿಷ್ ಹೆಸರುಗಳೇ ರೂಢಿಯಾಗಿವೆಯಂತೆ. ನನಗೆ ಬೇಸರವಾದದ್ದು ನಿಜ. ಆದರೆ ಕಳೆದ ತಿಂಗಳು ತಂಗಿಯ ಶಾಲೆಯ ಅಂಕಪಟ್ಟಿಗೆಂದು ಹೊಸದೊಂದನ್ನು ಬರೆಯುತ್ತ ಒಂದು ಹೆಸರನ್ನು ‘ರ‍್ಯಾಂಕ್’ ಎಂದಿಟ್ಟನಂತೆ. ಮತ್ತೆ ಕೆಂಪು ಚೌಕ. ರಕಾರ ಮೇಲೆಯೇ ನಿಂತು ಯಕಾರ ಒತ್ತಾಗಲೆಂದು ನಡುವೆ ಕಣ್ಣಿಗೆ ಕಾಣದ ಒಂದು ಜೋಡಕವನ್ನು ಇಡುತ್ತೇವೆ. ಅದನ್ನು ಪೈಥಾನ್ ಭಾಷೆಯೇ ಹೆಸರಿನೊಳಗೆ ಸೇರಿಸುವುದಿಲ್ಲ. ಈ ಸಲ ಬಣ್ಣ ಹಚ್ಚುವವನದು ತಪ್ಪಲ್ಲ. “ಹಾಗಾದರೆ ಯಾರಿಗೆ ಬರೀಬೇಕು, ಮಾವ?” ಎಂದು ಫೋನಿನಲ್ಲಿ ಕೇಳಿದ. ಭಾನುವಾರ ಬಾ, ಕೂತು ಹುಡುಕೋಣ ಎಂದಿದ್ದೇನೆ.