ತಗಡು ಯಾಕೆ ಹಾರುತ್ತದೆ?

ಒಂದು ಕಾಗದದ ಪಟ್ಟಿ ಕತ್ತರಿಸಿಕೊಳ್ಳಿ. ಅದರ ತುದಿಯನ್ನು ಕೆಳತುಟಿಗೆ ಒತ್ತಿ ಹಿಡಿದು, ಪಟ್ಟಿಯ ಮೇಲ್ಗಡೆ ಜೋರಾಗಿ ಊದಿ. ಜೋತುಬಿದ್ದ ಕಾಗದ ಮೇಲೇಳುತ್ತದೆ! ಮೇಲ್ಗಡೆ ಗಾಳಿಯ ಒತ್ತಡ ಕಡಿಮೆಯಾಯಿತು, ಕೆಳಗಿನ ಗಾಳಿ ಅದನ್ನು ಎತ್ತಿತು.

ಕುಷ್ಟಗಿ, ಯಲಬುರ್ಗಾ ಕಡೆ ತಗಡಿನ ಛಾವಣಿ ಹಾರುವುದೂ ಹೀಗೆಯೇ. ಸಮುದ್ರ ದೂರವಿರುವುದರಿಂದ ಚಂಡಮಾರುತ ಕೊಪ್ಪಳಕ್ಕೆ ಬರುವಷ್ಟರಲ್ಲಿ ಸೊರಗಿರುತ್ತದೆ. ಬಿಸಿ ಕಡಲಿನ ನೀರಾವಿಯೇ ಅದರ ಆಹಾರ. ನಮ್ಮನ್ನು ಕಾಡುವುದು ಏಪ್ರಿಲ್, ಮೇ ತಿಂಗಳ ಸಂಜೆಯ ಬಿರುಗಾಳಿ. ಕಾದ ನೆಲದಿಂದ ಎದ್ದ ಗಾಳಿ ಹತ್ತು ಕಿಲೋಮೀಟರಿಗೂ ಎತ್ತರದ ಮೋಡವಾಗುತ್ತದೆ. ಅದರಿಂದ ಬೀಳುವ ಹನಿಗಳಲ್ಲಿ ಕೆಲವು ಒಣಹವೆಯಲ್ಲಿ ದಾರಿಯಲ್ಲೇ ಆವಿಯಾಗುತ್ತವೆ. ಆಗ ಸುತ್ತಲ ಗಾಳಿ ತಣ್ಣಗಾಗಿ, ಭಾರವಾಗಿ, ಧಡಕ್ಕನೆ ಕೆಳಗಿಳಿದು ನಾಲ್ಕೂ ಕಡೆ ನುಗ್ಗುತ್ತದೆ. ಮಳೆಗಿಂತ ಮೊದಲೇ ತಂಪುಗಾಳಿಯೂ ಧೂಳೂ ಬರುವುದು ಇದರಿಂದಲೇ. ಗಂಗಾವತಿಯಲ್ಲಿ ಕೊಯ್ಲಿಗೆ ಬಂದ ಭತ್ತ ಮಲಗಿಬಿಟ್ಟರೆ ರೈತರಿಗೆ ಎಷ್ಟು ಸಂಕಟ!

ಗಾಳಿ ಬೀಸುವ ಕಡೆಯ ಬಾಗಿಲು ತೆರೆದಿದ್ದರೆ ಅದು ಒಳನುಗ್ಗಿ ತಗಡನ್ನು ಕೆಳಗಿನಿಂದಲೂ ದೂಡುತ್ತದೆ. ಮೇಲಿನ ಸೆಳೆತ, ಒಳಗಿನ ತಳ್ಳು ಎರಡೂ ಸೇರುತ್ತವೆ. ಹಾಗಾಗಿ ಮೋಡ ಕಪ್ಪಾದ ಕೂಡಲೇ ಬಾಗಿಲು, ಕಿಟಕಿ ಮುಚ್ಚಿ. ತಗಡಿನ ಮೇಲೆ ಬಿಡಿ ಕಲ್ಲು ಹೇರುವುದು ನನಗಂತೂ ಹೆದರಿಕೆ ಹುಟ್ಟಿಸುತ್ತದೆ. ತಗಡು ಎದ್ದರೆ ಕಲ್ಲು ತಲೆಯ ಮೇಲೇ ಬಿದ್ದೀತು. ಬೇಸಿಗೆಯ ಮೊದಲೇ ತಗಡನ್ನು ತೊಲೆಗೆ ಬೋಲ್ಟು ಹಾಕಿ ಬಿಗಿಸಲು ಅಪ್ಪನಿಗೆ ನೆನಪಿಸಿ. ನೀವು ಮಾಳಿಗೆ ಹತ್ತಬೇಡಿ.

ಟಾರ್ಚು, ಕುಡಿಯುವ ನೀರು, ಅಜ್ಜಿಯ ಮಾತ್ರೆ ಕತ್ತಲಲ್ಲೂ ಕೈಗೆ ಸಿಗುವಂತಿರಲಿ. ಟಿವಿಯ ಪ್ಲಗ್ ಮೊದಲೇ ಕಿತ್ತಿಡಿ. ಕಡಿದುಬಿದ್ದ ಕರೆಂಟಿನ ತಂತಿಯ ಹತ್ತಿರ ಸುಳಿಯಬೇಡಿ.

ಮಿಂಚು ಕಂಡಾಗ ಎಣಿಸಲು ಶುರುಮಾಡಿ. ಶಬ್ದ ಒಂದು ಕಿಲೋಮೀಟರ್ ಸಾಗಲು ಸುಮಾರು 3 ಸೆಕೆಂಡು ಬೇಕು. 9 ಎಣಿಸುವಷ್ಟರಲ್ಲಿ ಗುಡುಗು ಕೇಳಿದರೆ ಸಿಡಿಲು 3 ಕಿಲೋಮೀಟರ್ ಆಚೆ ಇದೆ. ಅದು ದೂರವಲ್ಲ, ಮುಂದಿನದು ನಿಮ್ಮ ಹೊಲಕ್ಕೇ ಬೀಳಬಹುದು. ಗುಡುಗು ಕೇಳಿಸಿದರೆ ಸಾಕು, ಗಟ್ಟಿ ಮನೆಯೊಳಗೆ ಸೇರಿಕೊಳ್ಳಿ. ಬೇವು, ಹುಣಸೆ ಮರದ ಕೆಳಗೆ ನಿಲ್ಲಬೇಡಿ. ಕೊನೆಯ ಗುಡುಗಿನ ನಂತರವೂ ಅರ್ಧ ಗಂಟೆ ಒಳಗೇ ಇರಿ.

ಪುಣೆಯ ಹವಾಮಾನ ವಿಜ್ಞಾನಿಗಳು ರೂಪಿಸಿದ ‘ದಾಮಿನಿ’ ಆ್ಯಪ್ ಹತ್ತಿರದ ಸಿಡಿಲಿನ ಸುದ್ದಿ ಕೊಡುತ್ತದೆ. ಮನೆಯ ಫೋನಿಗೆ ಹಾಕಿಸಿಕೊಳ್ಳಿ. ಎಚ್ಚರಿಕೆ ಬಂದರೆ ಕುರಿ ಕಾಯಲು ಹೋದ ಕಾಕಾನಿಗೆ, ಹೊಲದಲ್ಲಿರುವ ಅವ್ವನಿಗೆ ಮೊದಲು ಫೋನ್ ಮಾಡಿ. ಮನೆಗೆ ಬರಲು ಅವರಿಗೆ ನಿಮಗಿಂತ ಹೆಚ್ಚು ಹೊತ್ತು ಬೇಕು.