ಕಪ್ಪಿನ ಪಂದ್ಯಕ್ಕೆ ಜನ ಬಾರದ ಕಥೆ

ಪಂದ್ಯ ನಮ್ಮ ನೆಲದಲ್ಲೇ, ಆಡುವವರು ನಮ್ಮವರೇ, ಆದರೂ ನೋಡುವವರಿಲ್ಲ. ಇದೇನು ವಿಚಿತ್ರವೆನ್ನುವಿರಾ? 2018ರ ಜೂನ್ 1ರಂದು ಮುಂಬಯಿಯ ಅಂಧೇರಿಯಲ್ಲಿ ಹೀಗೆಯೇ ಆಯಿತು. ಇಂಟರ್‌ಕಾಂಟಿನೆಂಟಲ್ ಕಪ್ಪಿನ ಮೊದಲ ಆಟದಲ್ಲಿ ಭಾರತವು ಚೈನೀಸ್ ತೈಪೆಯನ್ನು 5-0ಯಿಂದ ಸೋಲಿಸಿತು. ನಾಯಕ ಸುನೀಲ್ ಛೇತ್ರಿ—ಅಂದು ನಮ್ಮ ಬೆಂಗಳೂರು ತಂಡಕ್ಕೂ ಅವರೇ ನಾಯಕರು—ಮೂರು ಗೋಲು ಹೊಡೆದರು. ಪತ್ರಿಕೆಗಳ ಲೆಕ್ಕದಂತೆ ನೋಡಿದವರು 2,569 ಮಂದಿ!

ಅಭಿಮಾನಿಗಳಲ್ಲಿ ವಾದವೆದ್ದಿತು. ಶುಕ್ರವಾರ, ಕೆಲಸದ ದಿನ ಎಂದರು ಕೆಲವರು. ಮನೆಯಲ್ಲೇ ಟೆಲಿವಿಷನ್ ಇರುವಾಗ ಅಷ್ಟು ದೂರ ಯಾರು ಹೋಗುತ್ತಾರೆ ಎಂದರು ಮತ್ತೆ ಕೆಲವರು. ಯೂರೋಪಿನ ಆಟ ಕಂಡ ಕಣ್ಣಿಗೆ ನಮ್ಮದು ಸಪ್ಪೆಯೆಂಬುದು ಇನ್ನೊಂದು ಮಾತು. ಇದು ಸುಳ್ಳಲ್ಲ, ಛೇತ್ರಿಯವರೇ ಒಪ್ಪಿಕೊಂಡರು. ಮರುದಿನದ ವಿಡಿಯೋ ಸಂದೇಶದಲ್ಲಿ, ಬೈಯುವುದಾದರೂ ಸರಿ, ಮೈದಾನಕ್ಕೆ ಬಂದು ಬೈಯಿರಿ ಎಂದು ಬೇಡಿಕೊಂಡರು.

ಜೂನ್ 4, ಕೀನ್ಯಾದೊಡನೆ ಆಟ. ಅದೂ ಕೆಲಸದ ದಿನವೇ, ಸೋಮವಾರ. ಸಾಲದ್ದಕ್ಕೆ ಮುಂಬಯಿಯ ಮಳೆ. ಮನೆಯ ಟೆಲಿವಿಷನ್ ಎಲ್ಲಿಗೂ ಹೋಗಿರಲಿಲ್ಲ. ಆದರೆ ಟಿಕೆಟ್ಟುಗಳೆಲ್ಲ ಖರ್ಚಾಗಿದ್ದವು! ಛೇತ್ರಿಯವರ ನೂರನೆಯ ಅಂತರರಾಷ್ಟ್ರೀಯ ಪಂದ್ಯವೆಂಬ ಆಕರ್ಷಣೆಯೂ ಇತ್ತೆನ್ನಿ. ಎರಡು ಗೋಲು ಅವರವೇ; ಗೆಲುವು 3-0.

ಹಾಗಾದರೆ ಮೂರು ದಿನಗಳಲ್ಲಿ ಬದಲಾದದ್ದೇನು? ಯಾರೋ ಒಬ್ಬರು ಬಾಯಿಬಿಟ್ಟು ಕರೆದರು, ಅಷ್ಟೇ. ಮದುವೆಗಾದರೂ ಕರೆಯೋಲೆ ಬೇಡವೇ? ಆದರೆ ಮದುಮಗನೇ ಬಾಗಿಲು ಬಾಗಿಲಿಗೆ ಬಂದು ಕರೆಯಬೇಕಾಯಿತಲ್ಲ, ಅದು ಮಾತ್ರ ಪಂದ್ಯ ನಡೆಸುವವರಿಗೆ ಶೋಭೆಯೆಂದು ನನಗೆ ತೋರುವುದಿಲ್ಲ.