ಪದರ ಬೇರೆಯಾದ ಮೇಲೆ



ಎಣ್ಣೆ ಮತ್ತು ನೀರು ಒಂದಾಗುವುದಿಲ್ಲವೆಂಬುದು ಅಡುಗೆಮನೆಯ ಅರಿವು. ಇದೇ ಅರಿವಿನಿಂದ ರಸಾಯನಶಾಸ್ತ್ರವು ಆಮ್ಲ ಹಾಗೂ ಪ್ರತ್ಯಾಮ್ಲಗಳನ್ನು ಬೇರ್ಪಡಿಸುತ್ತದೆ. ಮಲೇರಿಯಾದ ಮದ್ದಾದ ಕ್ವಿನೈನ್ ಅದಕ್ಕೊಂದು ನಿದರ್ಶನ.

ಸಿಂಕೋನಾ ಮೂಲತಃ ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಗಳ ಮರ. 1820ರಲ್ಲಿ ಫ್ರಾನ್ಸಿನ ಪೆಲ್ಟಿಯೇ ಮತ್ತು ಕಾವೆಂಟು ಅದರ ತೊಗಟೆಯಿಂದ ಕ್ವಿನೈನನ್ನು ಬೇರ್ಪಡಿಸಿದರು. 1860ರ ದಶಕದಲ್ಲಿ ನಮ್ಮ ನೆರೆಯ ನೀಲಗಿರಿಯಲ್ಲೂ ಸಿಂಕೋನಾ ತೋಟಗಳೆದ್ದವು.

ಕ್ವಿನೈನ್ ಒಂದು ಪ್ರತ್ಯಾಮ್ಲ. ತೊಗಟೆಯೊಳಗೆ ಅದು ಸಸ್ಯಾಮ್ಲಗಳೊಡನೆ ಕೂಡಿಕೊಂಡಿರುತ್ತದೆ. ಕಾರ್ಖಾನೆಯಲ್ಲಿ ತೊಗಟೆಯ ಪುಡಿಗೆ ಸುಣ್ಣ ಬೆರೆಸಿದಾಗ ಆ ಬಂಧ ಬಿಡುತ್ತದೆ. ಬಿಡುಗಡೆಯಾದ ಕ್ವಿನೈನ್ ಬಿಸಿಯಾದ ಖನಿಜ ತೈಲದಲ್ಲಿ ಕರಗುತ್ತದೆ. ಆ ತೈಲವನ್ನು ಸಾರರಿಕ್ತ ಸಲ್ಫ್ಯೂರಿಕ್ ಆಮ್ಲದೊಡನೆ ಕಲಕಿದರೆ, ಕ್ವಿನೈನ್ ಲವಣವಾಗಿ ನೀರಿನ ಪದರವನ್ನು ಸೇರುತ್ತದೆ. ತೈಲದಲ್ಲಿ ಕರಗಿದ ಮೇಣ ಮೊದಲಾದವು ತೈಲದಲ್ಲೇ ಉಳಿಯುತ್ತವೆ.

ಆಮ್ಲಗಳಿಗೆ ಇದರ ವಿಲೋಮ ಕ್ರಮ. ಈಥರಿನಲ್ಲಿ ಕರಗಿದ ಬೆಂಜೋಯಿಕ್ ಆಮ್ಲಕ್ಕೆ ಅಡುಗೆ ಸೋಡಾದ ದ್ರಾವಣ ಸೇರಿಸಿ ಕುಲುಕಿದರೆ ಅದು ಲವಣವಾಗಿ ನೀರಿಗಿಳಿಯುತ್ತದೆ. ಆ ನೀರನ್ನು ಬೇರ್ಪಡಿಸಿ ಹೈಡ್ರೋಕ್ಲೋರಿಕ್ ಆಮ್ಲ ಹಾಕಿದರೆ ಬಿಳಿಯ ಬೆಂಜೋಯಿಕ್ ಆಮ್ಲ ಮರಳಿ ದೊರೆಯುತ್ತದೆ. ಕುಲುಕುವಾಗ ಇಂಗಾಲದ ಡೈಆಕ್ಸೈಡ್ ಹುಟ್ಟುವುದರಿಂದ ಆಲಿಕೆಯ ಒತ್ತಡವನ್ನು ಆಗಾಗ ಹೊರಬಿಡಬೇಕು. ಈಥರ್ ಬೇಗನೆ ಹೊತ್ತಿಕೊಳ್ಳುವ ದ್ರವವಾದ್ದರಿಂದ ಸಮೀಪದಲ್ಲಿ ಬೆಂಕಿ ಇರಕೂಡದು.

ಪಾಠ ಇಲ್ಲಿಗೆ ಮುಗಿಯುವುದಿಲ್ಲ. ಬೇರ್ಪಡಿಸುವುದೆಂದರೆ ಇಲ್ಲವಾಗಿಸುವುದಲ್ಲ. ಬೇಕಾದ ವಸ್ತು ಒಂದು ಪದರದಲ್ಲಿ ಸಿಕ್ಕಿತು. ಇನ್ನೊಂದು ಪದರ ಎಲ್ಲಿಗೆ ಹೋಯಿತು? ಪ್ರಯೋಗಶಾಲೆಯ ತೊಟ್ಟಿಗೆ ಸುರಿದದ್ದು ಗುಡ್ಡದ ಊರಿನಲ್ಲಿ ಇಳಿಜಾರು ಹಿಡಿದು ಹಳ್ಳಕ್ಕೆ ಸೇರಬಹುದು. ಕ್ಲೋರೋಫಾರ್ಮಿನಂತಹ ದ್ರಾವಕ ನೀರಿಗಿಂತ ಭಾರವಾದದ್ದು. ನೆಲಕ್ಕೆ ಚೆಲ್ಲಿದರೆ ಆಳಕ್ಕಿಳಿದು ಅಂತರ್ಜಲವನ್ನು ಕೆಡಿಸಬಲ್ಲದು. ಅಂತಹ ಬಾವಿಯನ್ನು ಶುದ್ಧಗೊಳಿಸುವುದು ಅತಿ ಕಷ್ಟ. ಇದೇ ಬಳಗದ ಡೈಕ್ಲೋರೋಮೀಥೇನಿನ ಬಹುತೇಕ ಬಳಕೆಗಳನ್ನು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2024ರಲ್ಲಿ ನಿಷೇಧಿಸಿತು.

ಪರಿಹಾರವೂ ಕ್ವಿನೈನಿನ ಕಥೆಯಲ್ಲೇ ಇದೆ. ಕ್ವಿನೈನನ್ನು ಆಮ್ಲಕ್ಕೆ ಒಪ್ಪಿಸಿದ ತೈಲವನ್ನು ಚೆಲ್ಲಬೇಕಿಲ್ಲ. ಅದನ್ನು ಮತ್ತೆ ಹೊಸ ತೊಗಟೆಗೆ ಹಾಯಿಸಬಹುದು. ಕಾಲೇಜುಗಳಲ್ಲಿಯೂ ಬಳಸಿದ ದ್ರಾವಕಗಳನ್ನು ಹೆಸರು ಬರೆದ ಬೇರೆ ಬೇರೆ ಬಾಟಲಿಗಳಲ್ಲಿ ಶೇಖರಿಸಬೇಕು. ಬಟ್ಟಿಯಿಳಿಸಲು ಸಾಧ್ಯವಾದುದನ್ನು ಶಿಕ್ಷಕರ ಉಸ್ತುವಾರಿಯಲ್ಲಿ ಮರುಬಳಸಬೇಕು. ಉಳಿದುದನ್ನು ಅಪಾಯಕಾರಿ ತ್ಯಾಜ್ಯ ವಿಲೇವಾರಿಯ ಅಧಿಕೃತ ವ್ಯವಸ್ಥೆಗೆ ಒಪ್ಪಿಸಬೇಕು.

ಆಲಿಕೆಯ ತಿರುಪನ್ನು ತಿರುಗಿಸುವ ಪ್ರತಿಯೊಬ್ಬ ವಿದ್ಯಾರ್ಥಿಯೂ ಕೆಳಗಿನ ಹಳ್ಳದ ನೀರು ಕುಡಿಯುವವರನ್ನು ನೆನೆಯಲಿ.